ಹೆಸರು ರೈತ, ಹೋಗಿದ್ದು ಯುದ್ಧಕ್ಕೆ

ಲೋಂಗೆವಾಲಾ ಯುದ್ಧದ ಬಗ್ಗೆ ಒಂದು ಡಿಸೆಂಬರ್‌ನಲ್ಲಿ ನಾನೊಂದು ಕಾರ್ಯಕ್ರಮ ಮಾಡಿದ್ದೆ. ನಿಮ್ಮಲ್ಲಿ ಕೆಲವರು ನೋಡಿರ್ತೀರಿ. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ, ಅವರ ಜತೆ ಸುಮಾರು 120 ಸೈನಿಕರು, ಎದುರಿಗೆ ಸಾವಿರಾರು ಮಂದಿಯ ಪಾಕಿಸ್ತಾನಿ ಪಡೆ, ಟ್ಯಾಂಕ್‌ಗಳ ಸಾಲು. ಬೆಳಗಾಗುತ್ತಿದ್ದಂತೆ ಜೈಸಲ್ಮೇರ್‌ನಿಂದ ಹಂಟರ್ ವಿಮಾನಗಳು ಬಂದವು, ಮುಂದಿನದ್ದು ಇತಿಹಾಸ. ಕಾರ್ಯಕ್ರಮ ಚೆನ್ನಾಗಿ ಬಂತು ಅಂತ ಸ್ಟುಡಿಯೋದಲ್ಲಿ ಎಲ್ಲರೂ ಹೇಳಿದರು. ನಾನೂ ಹಾಗೇ ಅಂದುಕೊಂಡೆ.

ಮರುದಿನ ಒಂದು ಫೋನ್ ಬಂತು. ಬೈಂದೂರು ಕಡೆಯ ಹಿರಿಯರು. ಸೇನೆಯ ಫಿರಂಗಿ ದಳದಲ್ಲಿ ಇದ್ದು ನಿವೃತ್ತರಾದವರು. ನಾನು ಕುಂದಾಪುರದವನು ಅನ್ನೋದು ಅವರಿಗೆ ಗೊತ್ತಿತ್ತು, ಹಾಗಾಗಿ ಪೇಟೆ ಕನ್ನಡದ ಉಪಚಾರ ಏನೂ ಇರಲಿಲ್ಲ.

"ಹ್ವಾಯ್, ಕಾರ್ಯಕ್ರಮ ಲಾಯ್ಕ್ ಇತ್ತ್. ಒಂದ್ ಕೇಂತೆ, ಬೇಜಾರ್ ಮಾಡ್ಕಂಬೇಡಿ. ಹಂಟರ್ ಹಂಟರ್ ಅಂದ್ ಅಷ್ಟೊತ್ತ್ ಹೇಳ್ದ್ರಿ. ಆ ಹಂಟರಿಗೆ ದಾರಿ ತೋರ್ಸದ್ದ್ ಯಾರ್? ಆ ಸಣ್ಣ್ ವಿಮಾನ ಎಲ್ಲ್ ಹೋಯ್ತ್ ಮಾರಾಯ್ರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಕ್ರಿಪ್ಟ್‌ನಲ್ಲಿ ಆ ಸಣ್ಣ ವಿಮಾನದ ಬಗ್ಗೆ ಒಂದು ಸಾಲು ಇತ್ತು, ಸಮಯ ಸಾಲದೆ ನಾನೇ ಅದನ್ನು ತೆಗೆಸಿದ್ದೆ. ಅದು ಬೆಂಗಳೂರಿನಲ್ಲಿ ತಯಾರಾದ ವಿಮಾನ ಅನ್ನೋದು ತೆಗೆಸುವಾಗ ನನಗೆ ಗೊತ್ತೂ ಇರಲಿಲ್ಲ. ಇದು ಆ ಒಂದು ಸಾಲಿನ ಬಗ್ಗೆ.

ಅದರ ಹೆಸರು ಕೃಷಕ್. ಕೃಷಕ್ ಅಂದ್ರೆ ರೈತ. ಸೇನೆಯ ದಾಖಲೆಯಲ್ಲಿ ಎಚ್‌ಎಒಪಿ-27. ಹಿಂದೂಸ್ತಾನ್ ಏರ್ ಅಬ್ಸರ್ವೇಶನ್ ಪೋಸ್ಟ್ ಅನ್ನೋದರ ಹ್ರಸ್ವರೂಪ ಅದು, ಆಕಾಶದಲ್ಲಿರುವ ಕಾವಲು ಅಟ್ಟಣಿಗೆ ಅಂತಿಟ್ಟುಕೊಳ್ಳಿ. ಒಂದೇ ಎಂಜಿನ್, ಮುಂದೆ ಪ್ರೊಪೆಲರ್, ತಲೆಯ ಮೇಲೆ ರೆಕ್ಕೆ, ಹೊಟ್ಟೆಯ ಕೆಳಗೆ ಯಾವಾಗಲೂ ಹೊರಗೇ ಇರುವ ಎರಡು ಚಕ್ರ, ಬಾಲದಲ್ಲಿ ಇನ್ನೊಂದು ಪುಟ್ಟ ಚಕ್ರ. ಎರಡು ಮೂರು ಜನ ಕೂರಬಹುದು. ಎಷ್ಟೇ ಓಡಿಸಿದರೂ ಗಂಟೆಗೆ ಇನ್ನೂರು ಕಿಲೋಮೀಟರ್ ಆಸುಪಾಸು. ಮೆಷಿನ್ ಗನ್ ಇಲ್ಲ, ಬಾಂಬ್ ಇಲ್ಲ, ಕವಚ ಇಲ್ಲ. ಇಂಥದ್ದನ್ನು ಯುದ್ಧಕ್ಕೆ ಯಾಕೆ ಕಳಿಸ್ತಾರೆ?

ನಮ್ಮ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಗಂಗೊಳ್ಳಿಯ ಅಳಿವೆ ನೋಡಿದವರಿಗೆ ದೊಡ್ಡ ಬೋಟಿಗೂ ಪಾತಿ ದೋಣಿಗೂ ಇರುವ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ದೊಡ್ಡ ಬೋಟಿಗೆ ಆಳ ಬೇಕು, ಧಕ್ಕೆ ಬೇಕು, ಡೀಸೆಲ್ ಬೇಕು. ಪಾತಿ ದೋಣಿ ಮೊಣಕಾಲುದ್ದ ನೀರಿದ್ದರೂ ಹೋಗುತ್ತೆ, ಯಾರದೋ ಹಿತ್ತಿಲ ತೆಂಗಿನಮರಕ್ಕೆ ಕಟ್ಟಿ ನಿಲ್ಲಿಸಬಹುದು. ಸೇನೆಗೂ ಒಂದು ಪಾತಿ ದೋಣಿ ಬೇಕು. ಕಮಾಂಡರ್ ಒಬ್ಬರನ್ನು ಮುಂಚೂಣಿಗೆ ಕರೆದೊಯ್ಯಲು, ನಕ್ಷೆ ಮುಟ್ಟಿಸಲು, ಗಾಯಾಳುವನ್ನು ತರಲು, ಎಲ್ಲಕ್ಕಿಂತ ಹೆಚ್ಚಾಗಿ ಮೇಲಿಂದ ನೋಡಿ ಹೇಳಲು. ಈ ಜಾತಿಯ ವಿಮಾನಗಳಿಗೆ ಸಂಪರ್ಕ ವಿಮಾನ, ವೀಕ್ಷಣಾ ವಿಮಾನ ಅಂತ ಹೆಸರು.

ಫೋನ್ ಮಾಡಿದ ಹಿರಿಯರನ್ನು ನೋಡಲು ಊರಿಗೆ ಹೋದಾಗ ಅವರ ಮನೆಗೆ ಹೋಗಿದ್ದೆ. ತ್ರಾಸಿ ದಾಟಿ, ಮರವಂತೆ ದಾಟಿ, ಹೈವೇ ಬಿಟ್ಟು ಒಳಗೆ. ಅಂಗಳದಲ್ಲಿ ಅಡಿಕೆ ಒಣಹಾಕಿದ್ದರು. ಫಿರಂಗಿ ಹೊಡೆಯೋದು ಹೇಗೆ ಅಂತ ಕೇಳಿದೆ. ಅವರು ಮಾತಾಡಲಿಲ್ಲ, ಬಗ್ಗಿ ನಾಲ್ಕು ಅಡಿಕೆ ಆರಿಸಿಕೊಂಡರು. ಒಂದು ಅಡಿಕೆ ತುಳಸಿಕಟ್ಟೆಯ ಹತ್ತಿರ, ಅದು ನಮ್ಮ ಫಿರಂಗಿ. ಇನ್ನೊಂದು ಅಂಗಳದ ಆ ತುದಿಯಲ್ಲಿ, ಅದು ಶತ್ರು. ಮಧ್ಯ ಒಂದು ಗೆರಸಿ ಅಡ್ಡ ನಿಲ್ಲಿಸಿದರು, ಅದು ದಿಬ್ಬ. "ಈಗ ಇಲ್ಲಿಂದ ಅದ್ ಕಾಣತ್ತಾ?" ಕಾಣಲ್ಲ. ಫಿರಂಗಿ ಹೊಡೆಯುವವನಿಗೆ ಗುರಿ ಯಾವತ್ತೂ ಕಾಣಲ್ಲ, ಎಂಟು ಹತ್ತು ಕಿಲೋಮೀಟರ್ ಆಚೆ ಇರುತ್ತೆ. ಅವನು ಲೆಕ್ಕದ ಮೇಲೆ ಹೊಡೀತಾನೆ. ಶೆಲ್ ಹೋಗಿ ಬೀಳಲು ಅರ್ಧ ನಿಮಿಷದ ಹತ್ತಿರ ಬೇಕು. ಎಲ್ಲಿ ಬಿತ್ತು ಅಂತ ಹೇಳುವವನು ಬೇರೆ ಬೇಕು.

ಹೇಳುವವನ ಕೆಲಸ ಹೀಗೆ. ಮೊದಲ ಶೆಲ್ ಗುರಿಯಿಂದ ಆಚೆ ಬಿತ್ತು ಅಂತಿಟ್ಟುಕೊಳ್ಳಿ. ಅವನು ರೇಡಿಯೋದಲ್ಲಿ "400 ಮೀಟರ್ ಕಡಿಮೆ ಮಾಡು" ಅಂತಾನೆ. ಮುಂದಿನದ್ದು ಈಚೆ ಬಿತ್ತು. ಸರಿ, ಗುರಿ ಈ ಎರಡರ ನಡುವೆ ಇದೆ. "200 ಜಾಸ್ತಿ ಮಾಡು." ಮತ್ತೆ ಆಚೆ ಬಿತ್ತು. "100 ಕಡಿಮೆ." ಈಚೆ ಬಿತ್ತು. "50 ಜಾಸ್ತಿ, ಈಗ ಎಲ್ಲ ಫಿರಂಗಿಯೂ ಹೊಡೆಯಲಿ." ನಾನು ಎಂಜಿನಿಯರಿಂಗ್‌ನಲ್ಲಿ ಇದನ್ನೇ ಬೈಸೆಕ್ಷನ್ ಮೆಥಡ್ ಅಂತ ಗಣಿತದ ಪೇಪರ್‌ಗೆ ಓದಿದ್ದೆ, ಯಾತಕ್ಕೆ ಉಪಯೋಗ ಅಂತ ಯಾರೂ ಹೇಳಿರಲಿಲ್ಲ. ಗೋಡೆಯಾಚೆಗಿನ ಮಾವಿನಮರಕ್ಕೆ ಕಲ್ಲು ಹೊಡೆಯುವಾಗ ಗೋಡೆಯ ಮೇಲೆ ಕೂತ ಹುಡುಗ "ಸ್ವಲ್ಪ ಎಡಕ್ಕೆ, ಸ್ವಲ್ಪ ಜೋರಾಗಿ" ಅಂತಾನಲ್ಲ, ಅದೇ.

ಆ ಹುಡುಗ ಎಷ್ಟು ಎತ್ತರದಲ್ಲಿ ಕೂತಿದ್ದಾನೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಕುಂದಾಪುರದ ಕೋಡಿ ಬೀಚಿನಲ್ಲಿ ನೀವು ನೀರಿನ ಅಂಚಿಗೆ ನಿಂತು ಪಶ್ಚಿಮಕ್ಕೆ ನೋಡಿದರೆ ಸಮುದ್ರ ಅನಂತ ಅನ್ನಿಸುತ್ತೆ. ಲೆಕ್ಕ ಹಾಕಿದರೆ ನಿಮಗೆ ಕಾಣೋದು ಐದು ಕಿಲೋಮೀಟರ್ ಕೂಡ ಇಲ್ಲ, ಭೂಮಿ ಗುಂಡಗಿದೆಯಲ್ಲ. ಅದೇ ಜಾಗದಿಂದ 300 ಮೀಟರ್ ಮೇಲಕ್ಕೆ ಹೋಗಿ, ದಿಗಂತ 60 ಕಿಲೋಮೀಟರ್ ಆಚೆ ಸರಿಯುತ್ತೆ. ದಿಬ್ಬಗಳ ಹಿಂದೆ ಅಡಗಿದ್ದೂ ಕಾಣುತ್ತೆ.

ಹಾಗಾದರೆ ಜೆಟ್ ವಿಮಾನದಿಂದಲೇ ನೋಡಬಹುದಲ್ಲ, ಬೇರೆ ವಿಮಾನ ಯಾಕೆ? ನಾನೂ ಅದನ್ನೇ ಕೇಳಿದ್ದೆ. ಗಂಟೆಗೆ 700 ಕಿಲೋಮೀಟರ್ ವೇಗದಲ್ಲಿ ಹೋಗುವ ಜೆಟ್ ಒಂದು ಕಿಲೋಮೀಟರ್ ಉದ್ದದ ಬಯಲನ್ನು ಐದು ಸೆಕೆಂಡಿಗೆ ದಾಟಿಬಿಡುತ್ತೆ. ಆ ಐದು ಸೆಕೆಂಡಿನಲ್ಲಿ ಪೈಲಟ್ ವಿಮಾನ ಹಾರಿಸಬೇಕು, ಟ್ಯಾಂಕ್ ಯಾವುದು, ಪೊದೆ ಯಾವುದು, ನಮ್ಮವರ ಜೀಪ್ ಯಾವುದು ಅಂತ ಗುರುತಿಸಬೇಕು, ಗುಂಡೂ ಹಾರಿಸಬೇಕು. 120 ಕಿಲೋಮೀಟರ್ ವೇಗದ ಪುಟ್ಟ ವಿಮಾನಕ್ಕೆ ಅದೇ ಬಯಲಿನ ಮೇಲೆ ಅರ್ಧ ನಿಮಿಷ ಸಿಗುತ್ತೆ. ಬೇಕಿದ್ದರೆ ಸುತ್ತು ಹಾಕಿಕೊಂಡು ಅಲ್ಲೇ ಇರಬಹುದು.

ನಿಧಾನ ಹಾರೋದು ಸುಲಭ ಅಂದುಕೊಳ್ಳಬೇಡಿ. ರೆಕ್ಕೆ ಕೊಡುವ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತೆ. ವೇಗ ಅರ್ಧ ಆಯ್ತು ಅಂದ್ರೆ ಬಲ ಕಾಲು ಭಾಗಕ್ಕೆ ಇಳೀತು. ಅದಕ್ಕೆ ರೆಕ್ಕೆ ದೊಡ್ಡದಾಗಬೇಕು, ವಿಮಾನ ಹಗುರವಾಗಬೇಕು, ಇಳಿಯುವಾಗ ರೆಕ್ಕೆಯ ಹಿಂಭಾಗ ಕೆಳಗೆ ಬಾಗುವ ಫ್ಲ್ಯಾಪ್ ಬೇಕು. ರೆಕ್ಕೆ ತಲೆಯ ಮೇಲೆ ಇರೋದಕ್ಕೂ ಕಾರಣ ಇದೆ, ಕೆಳಗಿದ್ದರೆ ನೆಲ ಮುಚ್ಚಿಹೋಗುತ್ತೆ. ಬಾಲದಲ್ಲಿ ಚಕ್ರ ಇರೋದರಿಂದ ಮೂತಿ ಮೇಲಕ್ಕೆ ನಿಂತಿರುತ್ತೆ, ಕಲ್ಲು ಮುಳ್ಳಿನ ನೆಲದಲ್ಲಿ ಓಡುವಾಗ ಪ್ರೊಪೆಲರ್ ನೆಲಕ್ಕೆ ತಾಗಲ್ಲ. ನೋಡೋಕೆ ಹಳೇ ಕಾಲದ್ದು ಅನ್ನಿಸುತ್ತೆ, ಆದರೆ ಒಂದೊಂದು ಭಾಗಕ್ಕೂ ಲೆಕ್ಕ ಇದೆ. (ಹಾಗಂತ ನಮ್ಮ ಬ್ರಹ್ಮಾವರ, ಕೋಟದ ಗದ್ದೆಯಲ್ಲಿ ಇಳಿಸೋಕೆ ಹೋಗಬಾರದು. ಪ್ರತಿ ಇಪ್ಪತ್ತು ಮೂವತ್ತು ಹೆಜ್ಜೆಗೊಂದು ಅಂಚು, ಅಂಚಿನಾಚೆ ತೆಂಗಿನಮರ.)

ಈ ವಿದ್ಯೆ ಎರಡನೇ ಮಹಾಯುದ್ಧದಲ್ಲಿ ಪಕ್ಕಾ ಆಯ್ತು. ಬ್ರಿಟಿಷ್ ಫಿರಂಗಿ ದಳದಲ್ಲಿ ಚಾರ್ಲ್ಸ್ ಬೇಜ್ಲಿ ಅನ್ನೋ ಅಧಿಕಾರಿ ಇದ್ದರು. ಅವರ ವಾದ ಸರಳ: ಪೈಲಟ್‌ಗೆ ಫಿರಂಗಿ ಕಲಿಸೋದಕ್ಕಿಂತ ಫಿರಂಗಿ ಅಧಿಕಾರಿಗೆ ವಿಮಾನ ಕಲಿಸೋದು ವಾಸಿ. ವಾಯುಪಡೆಗೆ ಅದು ಹಿಡಿಸಲಿಲ್ಲ, ಹಿಡಿಸೋದೂ ಇಲ್ಲ. ಆದರೂ 1940ರಲ್ಲಿ ಪ್ರಯೋಗ ಶುರುವಾಯ್ತು, ಯುದ್ಧ ಮುಗಿಯೋ ಹೊತ್ತಿಗೆ ಏರ್ ಒಪಿ ಸ್ಕ್ವಾಡ್ರನ್‌ಗಳೇ ನಿಂತವು. ಅವರು ಹಾರಿಸಿದ್ದು ಆಸ್ಟರ್. ಅದು ಅಮೆರಿಕದ ಟೇಲರ್‌ಕ್ರಾಫ್ಟ್ ಅನ್ನೋ ಹವ್ಯಾಸಿಗಳ ವಿಮಾನದಿಂದ ಬೆಳೆದದ್ದು, ಭಾನುವಾರ ಮಜಾಕ್ಕೆ ಹಾರಿಸುವ ಜಾತಿಯದ್ದು. ಅಮೆರಿಕದವರು ಪೈಪರ್ ಕಬ್‌ಗೆ ಸೇನೆಯ ಬಣ್ಣ ಬಳಿದರು. ಜರ್ಮನರ ಹತ್ತಿರ ಸ್ಟಾರ್ಕ್ ಇತ್ತು, 1943ರಲ್ಲಿ ಬೆಟ್ಟದ ತುದಿಯಲ್ಲಿ ಸೆರೆಯಿದ್ದ ಮುಸೊಲಿನಿಯನ್ನು ಹೊತ್ತು ತಂದದ್ದು ಅದೇ.

ನಮಗೆ ಹತ್ತಿರದ ಕಥೆ ಬರ್ಮಾದ್ದು. 1944ರಲ್ಲಿ ಜಪಾನಿ ಸಾಲಿನ ಹಿಂದೆ ಕಾಡಿನಲ್ಲಿ ಇಳಿದ ಚಿಂಡಿಟ್ ಪಡೆಯವರಿಗೆ ಗಾಯವಾದರೆ ಹೊರಬರುವ ದಾರಿ ಇರಲಿಲ್ಲ. ಹಿಂದಿನ ವರ್ಷದ ದಂಡಯಾತ್ರೆಯಲ್ಲಿ ನಡೆಯಲಾಗದವರನ್ನು ಅಲ್ಲೇ ಬಿಟ್ಟು ಬರಬೇಕಾಗಿತ್ತು. ಈ ಸಲ ಅಮೆರಿಕದ ಎಲ್-1, ಎಲ್-5 ಅನ್ನೋ ಸಂಪರ್ಕ ವಿಮಾನಗಳು ಮರ ಕಡಿದು ಮಾಡಿದ ಸಣ್ಣ ಪಟ್ಟಿಗಳಲ್ಲಿ ಇಳಿದು ಗಾಯಾಳುಗಳನ್ನು ಹೊತ್ತು ತಂದವು. ಸೈನಿಕನಿಗೆ "ನಿನ್ನನ್ನು ಬಿಟ್ಟು ಹೋಗಲ್ಲ" ಅಂತ ಹೇಳಲು ಸಾಧ್ಯವಾಗಿದ್ದು 185 ಅಶ್ವಶಕ್ತಿಯ ಎಂಜಿನ್ ಇದ್ದ ಎಲ್-5ನಂಥ ವಿಮಾನಗಳಿಂದ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಏನಾಗ್ತಿತ್ತು? ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜತೆ ಸೇರಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದರು. ಮುಂದಿನ ವರ್ಷವೇ ಹಾರ್ಲೋ ಅನ್ನೋ ತರಬೇತಿ ವಿಮಾನ ಜೋಡಿಸಿ ಕೊಟ್ಟರು. ಆಮೇಲೆ ಯುದ್ಧ ಜೋರಾಯ್ತು, 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ನಿರ್ವಹಣೆಗೆ ಹೋಯ್ತು, ವಿಮಾನ ಕಟ್ಟೋದು ನಿಂತು ರಿಪೇರಿ ಶುರುವಾಯ್ತು. ಬೆಂಗಳೂರಿನ ಹುಡುಗರು ಡಕೋಟಾ, ಕ್ಯಾಟಲಿನಾ, ಬಾಂಬರ್‌ಗಳ ಹೊಟ್ಟೆ ಬಿಚ್ಚಿ ಕೆಲಸ ಕಲಿತದ್ದು ಆಗ. ರಿಪೇರಿ ಕಲಿತವನು ಮುಂದೆ ಕಟ್ಟೋಕೆ ಹೊರಡೋದು ಸಹಜ.

ಕಟ್ಟಿಸಿದವರು ಡಾಕ್ಟರ್ ವಿ.ಎಂ. ಘಾಟಗೆ. ಜರ್ಮನಿಯ ಗಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಕೈಕೆಳಗೆ ಕಲಿತವರು. ಎಂಜಿನಿಯರಿಂಗ್ ಓದಿದವರಿಗೆ ಪ್ರಾಂಟ್ಲ್ ಹೆಸರು ಕೇಳಿದರೆ ಪರೀಕ್ಷೆಯ ಭಯ ನೆನಪಾಗುತ್ತೆ, ರೆಕ್ಕೆಯ ಮೇಲೆ ಗಾಳಿ ಹೇಗೆ ಅಂಟಿಕೊಂಡು ಹರಿಯುತ್ತೆ ಅಂತ ಜಗತ್ತಿಗೆ ತೋರಿಸಿದವರು ಅವರು. ಘಾಟಗೆ ತಂಡದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಹಾರಿತು, ಸ್ವತಂತ್ರ ಭಾರತದಲ್ಲಿ ವಿನ್ಯಾಸಗೊಂಡು ಹಾರಿದ ಮೊದಲ ವಿಮಾನ. ಆಮೇಲೆ 1958ರ ಸೆಪ್ಟೆಂಬರ್‌ನಲ್ಲಿ ಪುಷ್ಪಕ್. ಎರಡು ಸೀಟು, 90 ಅಶ್ವಶಕ್ತಿ, ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ಮಾಡಿದ್ದು. ಅಮೆರಿಕದ ಏರೋಂಕಾ ಚೀಫ್ ಅನ್ನೋ ವಿಮಾನವನ್ನು ತುಂಬ ಹೋಲುತ್ತಿತ್ತು, ಅದನ್ನು ಮುಚ್ಚಿಡೋ ಅಗತ್ಯ ಇಲ್ಲ. ನೂರೈವತ್ತಕ್ಕೂ ಹೆಚ್ಚು ಪುಷ್ಪಕ್‌ಗಳು ತಯಾರಾದವು, ಒಂದು ತಲೆಮಾರಿನ ಪೈಲಟ್‌ಗಳು ಅದರಲ್ಲಿ ಹಾರಲು ಕಲಿತರು.

ಪುಷ್ಪಕ್ ಗೆದ್ದ ಮೇಲೆ ಅದನ್ನೇ ಹಿಗ್ಗಿಸಿ ನಾಲ್ಕು ಸೀಟಿನದ್ದು ಮಾಡೋಣ ಅಂತ ಹೊರಟರು. ಅದೇ ಕೃಷಕ್. ಮೊದಲ ಮಾದರಿ 1959ರ ನವೆಂಬರ್‌ನಲ್ಲಿ ಹಾರಿತು, ಎರಡನೆಯದು ಸರಿಯಾಗಿ ಒಂದು ವರ್ಷ ಬಿಟ್ಟು. ಹಾರಿತು, ಆದರೆ ಕೊಳ್ಳುವವರು ಬರಲಿಲ್ಲ. ಹೆಸರೇನೋ ರೈತ ಅಂತ ಇಟ್ಟಿದ್ದರು. ರೈತನಿಗೆ ವಿಮಾನ ಎಲ್ಲಿಂದ ಬರಬೇಕು? ನಾಲ್ಕು ಸೀಟಿನ ಸ್ವಂತ ವಿಮಾನ ಕೊಳ್ಳುವ ಶ್ರೀಮಂತರೂ ಆಗ ದೇಶದಲ್ಲಿ ಎಷ್ಟಿದ್ದರು? ಯೋಜನೆ ಮೂಲೆಗೆ ಹೋಯ್ತು.

ಅದೇ ವರ್ಷಗಳಲ್ಲಿ ಅದೇ ಕಾರ್ಖಾನೆಯ ಇನ್ನೊಂದು ಮೂಲೆಯಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಮಾರುತ್ ಜೆಟ್ ತಯಾರಾಗ್ತಿತ್ತು. 1961ರ ಜೂನ್‌ನಲ್ಲಿ ಅದು ಹಾರಿದಾಗ ದೇಶಕ್ಕೆ ದೇಶವೇ ಹೆಮ್ಮೆಪಟ್ಟಿತು. ಮಾರುತ್ ಬಗ್ಗೆ ನಾನೇ ಎರಡು ಕಾರ್ಯಕ್ರಮ ಮಾಡಿದ್ದೇನೆ. ಕೃಷಕ್ ಬಗ್ಗೆ ಸೊನ್ನೆ.

ಮೂಲೆಯಲ್ಲಿದ್ದ ಕೃಷಕ್‌ಗೆ ಜೀವ ಬಂದದ್ದು ಸೇನೆಯಿಂದ. ನಮ್ಮ ಏರ್ ಒಪಿ ಪಡೆ ಬ್ರಿಟಿಷರ ಕಾಲದಿಂದ ಬಂದ ಆಸ್ಟರ್‌ಗಳನ್ನೇ ಹಾರಿಸುತ್ತಿತ್ತು. 1947-48ರ ಕಾಶ್ಮೀರ ಯುದ್ಧದಲ್ಲೂ ಅವೇ, 1965ರಲ್ಲೂ ಅವೇ. ಬದಲಿ ಬೇಕಿತ್ತು. ಎಚ್‌ಎಎಲ್ ಕೃಷಕ್ ನಕ್ಷೆಯನ್ನು ಹೊರತೆಗೆದು ಸೇನೆಗೆ ಬೇಕಾದಂತೆ ತಿದ್ದಿತು. 225 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಅಂದ್ರೆ ಪುಷ್ಪಕ್‌ಗಿಂತ ಎರಡೂವರೆ ಪಟ್ಟು. ಎಂಜಿನ್ ಅಮೆರಿಕದ್ದು, ಉಳಿದ ಮೈ ಬೆಂಗಳೂರಿನದ್ದು. ಅರವತ್ತರ ದಶಕದ ನಡುವಿನಿಂದ ಸೇನೆಗೆ ಸೇರತೊಡಗಿದವು. ಒಟ್ಟು ತಯಾರಾದದ್ದು ಎಪ್ಪತ್ತರ ಆಸುಪಾಸು. ಹೊಲದ ಔಷಧಿ ಸಿಂಪಡಿಸಲು ಎಚ್‌ಎಎಲ್ ನಿಜವಾಗಿ ಮಾಡಿದ ವಿಮಾನ ಬಸಂತ್, ಅದು ಬಂದದ್ದು 1972ರಲ್ಲಿ. ವಸಂತ ಹೊಲಕ್ಕೆ ಹೋದ, ರೈತ ಯುದ್ಧಕ್ಕೆ ಹೋದ. ನಮ್ಮ ದೇಶದಲ್ಲಿ ಹೆಸರಿಡುವವರಿಗೂ ಕೆಲಸ ಹಂಚುವವರಿಗೂ ಮಾತುಕತೆ ಕಡಿಮೆ.

ಈಗ ಲೋಂಗೆವಾಲಾ. 1971ರ ಡಿಸೆಂಬರ್ 4ರ ರಾತ್ರಿ. ಬೆಳದಿಂಗಳು. ರಾಜಸ್ಥಾನದ ಗಡಿಯಲ್ಲಿ ಗಸ್ತಿಗೆ ಹೋದವರಿಗೆ ಟ್ಯಾಂಕ್‌ಗಳ ಸದ್ದು ಕೇಳಿಸಿತು. ನಡುರಾತ್ರಿ ಕಳೆದ ಮೇಲೆ ದಾಳಿ ಶುರು. ಚಾಂದ್‌ಪುರಿ ಅವರು ಜೈಸಲ್ಮೇರ್ ವಾಯುನೆಲೆಯ ನೆರವು ಕೇಳಿದರು. ಅಲ್ಲಿದ್ದದ್ದು ಬೆರಳೆಣಿಕೆಯ ಹಂಟರ್‌ಗಳು, ಅವುಗಳಲ್ಲಿ ರಾತ್ರಿ ದಾಳಿ ಮಾಡುವ ಸಲಕರಣೆ ಇರಲಿಲ್ಲ. ಬೆಳಗಾಗೋವರೆಗೆ ಕಾಯಲೇಬೇಕು. ಆ ರಾತ್ರಿ 23ನೇ ಪಂಜಾಬ್ ಬೆಟಾಲಿಯನ್‌ನ ಆ ಒಂದು ಕಂಪನಿ ಹೇಗೆ ನಿಂತಿತು ಅನ್ನೋದನ್ನು ನೀವು ಸಿನಿಮಾದಲ್ಲಿ ನೋಡಿದ್ದೀರಿ, ನನ್ನ ಕಾರ್ಯಕ್ರಮದಲ್ಲೂ ಕೇಳಿದ್ದೀರಿ.

ಬೆಳಕು ಹರಿದಾಗ ಹಂಟರ್‌ಗಳು ಬಂದವು. ಒಂದೊಂದರಲ್ಲಿ 30 ಎಂಎಂನ ನಾಲ್ಕು ಫಿರಂಗಿ, ರಾಕೆಟ್‌ಗಳು. ಆದರೆ ಮರುಭೂಮಿಯನ್ನು ಮೇಲಿಂದ ನೋಡಿದರೆ ಟ್ಯಾಂಕ್ ಅನ್ನೋದು ಮರಳಿನ ಬಣ್ಣದ ಒಂದು ಚುಕ್ಕೆ. ಧೂಳು, ಹೊಗೆ. ನಮ್ಮ ಠಾಣೆಗೆ ತೀರಾ ಹತ್ತಿರದಲ್ಲಿ ಶತ್ರು. ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಬಂದವನು ಒಂದು ಸೆಕೆಂಡ್ ಆಚೀಚೆ ಮಾಡಿದರೆ ಗುಂಡು ನಮ್ಮವರ ಮೇಲೆ ಬೀಳುತ್ತೆ. ಇಲ್ಲಿಗೆ ಬಂದದ್ದು ಮೇಜರ್ ಆತ್ಮಾ ಸಿಂಗ್ ಅವರ ಕೃಷಕ್. 12ನೇ ಸ್ವತಂತ್ರ ಏರ್ ಒಪಿ ಫ್ಲೈಟ್‌ನವರು, ಮೂಲತಃ ಫಿರಂಗಿ ದಳದ ಅಧಿಕಾರಿ. ಅಂದ್ರೆ ನೆಲದ ಯುದ್ಧ ಹೇಗಿರುತ್ತೆ, ಟ್ಯಾಂಕ್ ಎಲ್ಲಿ ಅಡಗುತ್ತೆ ಅಂತ ಗೊತ್ತಿದ್ದವರು. ರಣರಂಗದ ಮೇಲೇ ಸುತ್ತುತ್ತಾ ರೇಡಿಯೋದಲ್ಲಿ ಜೆಟ್‌ಗಳಿಗೆ ಗುರಿ ತೋರಿಸಿದರು.

ಕೆಳಗಿದ್ದ ಟ್ಯಾಂಕ್‌ಗಳ ಮೇಲೆ ಮೆಷಿನ್ ಗನ್‌ಗಳಿದ್ದವು. ಕೃಷಕ್‌ನ ಮೈ ತೆಳು ಲೋಹ ಮತ್ತು ಬಟ್ಟೆಯ ಕಾಲದ ಕಟ್ಟೋಣ, ರೈಫಲ್ ಗುಂಡನ್ನೂ ತಡೆಯುವಂಥದ್ದಲ್ಲ. ಹಂಟರ್‌ಗಳು ಹೊಡೆದು, ಇಂಧನ ತುಂಬಿಕೊಳ್ಳಲು ಜೈಸಲ್ಮೇರ್‌ಗೆ ಮರಳುತ್ತಿದ್ದವು. ಅದು ಅವುಗಳ ಕೆಲಸದ ರೀತಿ, ಅದರಲ್ಲಿ ಕೀಳು ಏನಿಲ್ಲ. ಪುಟ್ಟ ವಿಮಾನದ ಕೆಲಸ ಮಾತ್ರ ಅಲ್ಲೇ ಇರೋದು.

ಆ ಕಾಳಗದಲ್ಲಿ ಪಾಕಿಸ್ತಾನ ಮೂವತ್ತಕ್ಕೂ ಹೆಚ್ಚು ಟ್ಯಾಂಕ್ ಕಳೆದುಕೊಂಡಿತು, ಸುಟ್ಟವು, ಕೆಟ್ಟವು, ಬಿಟ್ಟು ಓಡಿದವು ಎಲ್ಲ ಸೇರಿ. ತಪ್ಪಿಸಿಕೊಳ್ಳಲು ಟ್ಯಾಂಕ್‌ಗಳು ಮರಳಿನಲ್ಲಿ ಸುತ್ತು ಹೊಡೆದ ಗುರುತುಗಳ ಫೋಟೋ ಜಗತ್ಪ್ರಸಿದ್ಧ. ಚಾಂದ್‌ಪುರಿ ಅವರಿಗೆ ಮಹಾವೀರ ಚಕ್ರ, ಆತ್ಮಾ ಸಿಂಗ್ ಅವರಿಗೆ ವೀರ ಚಕ್ರ ಬಂತು. ಮೊದಲನೆಯದು ದೇಶಕ್ಕೆ ಗೊತ್ತು.

ನಮ್ಮ ಬೈಂದೂರಿನ ಹಿರಿಯರು ಲೋಂಗೆವಾಲಾದಲ್ಲಿ ಇದ್ದವರಲ್ಲ, ಪಶ್ಚಿಮ ಗಡಿಯಲ್ಲೇ ಬೇರೆ ಕಡೆ ಇದ್ದವರು. ಅವರು ಹೇಳಿದ ಒಂದು ಮಾತು ನನಗೆ ಯಾವ ಪುಸ್ತಕದಲ್ಲೂ ಅಷ್ಟು ಚೆನ್ನಾಗಿ ಸಿಗಲಿಲ್ಲ. ಆ ಪುಟ್ಟ ವಿಮಾನ ತಲೆಯ ಮೇಲೆ ಬಂದ ಕೂಡಲೇ ಎದುರಿನ ಫಿರಂಗಿಗಳು ಸುಮ್ಮನಾಗ್ತಿದ್ದವಂತೆ. ಯಾಕಂದ್ರೆ ಫಿರಂಗಿ ಹೊಡೆದರೆ ಬಾಯಲ್ಲಿ ಬೆಂಕಿ ಕಾಣುತ್ತೆ, ಬೆಂಕಿ ಕಂಡರೆ ಮೇಲಿರುವವನು ಜಾಗ ಹೇಳ್ತಾನೆ, ಹೇಳಿದ ಕೆಲವೇ ನಿಮಿಷದಲ್ಲಿ ನಮ್ಮ ಶೆಲ್ ಬರುತ್ತೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಫಿರಂಗಿಗಳೂ ಆಸ್ಟರ್, ಪೈಪರ್ ಕಂಡರೆ ಹೀಗೇ ಮೌನವಾಗ್ತಿದ್ದವು. ಒಂದು ಗುಂಡೂ ಹಾರಿಸದೆ, ಬರೀ ಇದ್ದು, ಅದು ಎದುರಾಳಿಯ ಬಾಯಿ ಕಟ್ಟುತ್ತಿತ್ತು.

"ಅದ್ರ್ ಸದ್ದ್ ಕೇಂಡ್ರೆ ಸಾಕ್, ನಾವ್ ಒಂದ್ ಗಳ್ಗಿ ಚಾ ಕುಡೂದ್" ಅಂದರು.

ಕೃಷಕ್‌ಗೆ ಮಿತಿಗಳೂ ಇದ್ದವು, ಅದನ್ನೂ ಹೇಳಬೇಕು. ಎಷ್ಟೇ ಸಣ್ಣದಾದರೂ ಇಳಿಯಲು ಒಂದು ಪಟ್ಟಿ ನೆಲ ಬೇಕು. ಚೀನಾ ಗಡಿಯ ಬೆಟ್ಟಗಳಲ್ಲಿ ಅದು ಎಲ್ಲಿದೆ? ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತೆ, ರೆಕ್ಕೆಗೂ ಎಂಜಿನ್‌ಗೂ ಶಕ್ತಿ ಕುಗ್ಗುತ್ತೆ. ನಿಂತಲ್ಲೇ ಏಳುವ, ನಿಂತಲ್ಲೇ ಇಳಿಯುವ ಯಂತ್ರ ಬೇಕಾಗಿತ್ತು. 1970ರಲ್ಲಿ ಫ್ರಾನ್ಸ್ ಜತೆ ಒಪ್ಪಂದ ಆಗಿ ಎಚ್‌ಎಎಲ್ ಚೀತಾ ಹೆಲಿಕಾಪ್ಟರ್ ಕಟ್ಟಲು ಶುರು ಮಾಡಿತು. ಇದರ ಫ್ರೆಂಚ್ ಮೂಲ 1972ರಲ್ಲಿ 12,442 ಮೀಟರ್ ಎತ್ತರಕ್ಕೆ ಏರಿ ದಾಖಲೆ ಮಾಡಿದ್ದು. ಎವರೆಸ್ಟ್‌ಗಿಂತ ಮೂರೂವರೆ ಕಿಲೋಮೀಟರ್ ಮೇಲೆ! ಎಪ್ಪತ್ತರ ದಶಕದ ನಡುವಿಗೆ ಕೃಷಕ್‌ಗಳು ನಿವೃತ್ತಿಯಾದವು. ಹತ್ತೇ ವರ್ಷದ ಚಾಕರಿ. ಏರ್ ಒಪಿಯ ಪೈಲಟ್‌ಗಳು ಹೆಲಿಕಾಪ್ಟರ್‌ಗೆ ಹೋದರು. 1986ರ ನವೆಂಬರ್ 1ರಂದು ಅವರೆಲ್ಲರಿಗೂ ಆರ್ಮಿ ಏವಿಯೇಶನ್ ಕೋರ್ ಅಂತ ಪ್ರತ್ಯೇಕ ದಳ ಆಯ್ತು.

ಇಲ್ಲಿ ನನಗೆ ಸಿಟ್ಟು ಬರುತ್ತೆ. ಕೃಷಕ್‌ಗೆ ಬದಲಿ ಹತ್ತು ವರ್ಷದಲ್ಲಿ ಬಂತು. ಚೀತಾಕ್ಕೆ ಬದಲಿ ಐವತ್ತು ವರ್ಷ ಕಳೆದರೂ ಪೂರ್ತಿ ಬಂದಿಲ್ಲ. ಸಿಯಾಚಿನ್‌ನಲ್ಲಿ ಹೆಪ್ಪುಗಟ್ಟಿದ ಸೈನಿಕನನ್ನು ಕೆಳಗೆ ತರೋದು ಈಗಲೂ ಅದೇ ಐವತ್ತರ ದಶಕದ ಎಂಜಿನಿಯರಿಂಗ್. ಸೇನಾ ಪೈಲಟ್‌ಗಳ ಹೆಂಡತಿಯರು ಬೀದಿಗೆ ಬಂದು, ರಕ್ಷಣಾ ಮಂತ್ರಿಗಳ ಬಾಗಿಲಿಗೆ ಹೋಗಿ, ಈ ಹಳೇ ಹೆಲಿಕಾಪ್ಟರ್‌ಗಳನ್ನು ನಿಲ್ಲಿಸಿ ಅಂತ ಕೇಳಿದ್ದಾರೆ. ಯುದ್ಧ ವಿಮಾನ ಕೊಳ್ಳುವಾಗ ಸಂಸತ್ತಿನಲ್ಲಿ ಗಲಾಟೆ ಆಗುತ್ತೆ, ನಾವು ಟಿವಿಯವರು ಹತ್ತು ದಿನ ಚರ್ಚೆ ಮಾಡ್ತೀವಿ. ಸಣ್ಣ ಹೆಲಿಕಾಪ್ಟರ್ ತಡವಾದರೆ ಯಾರೂ ಮಾತಾಡಲ್ಲ, ನಾನೂ ಮಾತಾಡಿಲ್ಲ. ಬದಲಿಯಾಗಿ ಎಚ್‌ಎಎಲ್ ಮಾಡಿದ ಹಗುರ ಹೆಲಿಕಾಪ್ಟರ್, ಎಲ್‌ಯುಎಚ್, 2016ರ ಸೆಪ್ಟೆಂಬರ್‌ನಲ್ಲಿ ಹಾರಿತು. ಅದಕ್ಕಾಗಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಕಾರ್ಖಾನೆ ಕಟ್ಟಿದರು, 2023ರ ಫೆಬ್ರವರಿ 6ರಂದು ಪ್ರಧಾನಿ ಉದ್ಘಾಟಿಸಿದರು. ಸೇನೆಗೂ ವಾಯುಪಡೆಗೂ ಸೇರಿ 187 ಬೇಕು ಅನ್ನೋದು ಲೆಕ್ಕ. ಆ ಲೆಕ್ಕ ತುಂಬೋವರೆಗೆ ಚೀತಾ ಹಾರಲೇಬೇಕು.

ಡ್ರೋನ್ ಬಂತಲ್ಲ ಅಂತ ನೀವು ಕೇಳ್ತೀರಿ. ನಿಜ, ಫಿರಂಗಿಗೆ ಕಣ್ಣಾಗುವ ಕೆಲಸದ ದೊಡ್ಡ ಪಾಲು ಈಗ ಡ್ರೋನ್‌ನದ್ದು. ಅದು ಸುಟ್ಟರೆ ಅದರೊಳಗೆ ಯಾರೂ ಸಾಯಲ್ಲ, ಅದು ಸಣ್ಣ ಲಾಭ ಅಲ್ಲ. ಆದರೆ ಡ್ರೋನ್ ಗಾಯಾಳುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರಲ್ಲ. ಬರ್ಮಾದ ಕಾಡಿನ ಆ ಕೆಲಸ ಹಾಗೇ ಉಳಿದಿದೆ.

ಹಿರಿಯರಿಗೆ ಮಾತು ಕೊಟ್ಟಿದ್ದೆ, ಮುಂದಿನ ವಾರವೇ ತಿದ್ದುಪಡಿ ಹೇಳ್ತೇನೆ ಅಂತ. ಹೇಳಿದೆ ಕೂಡ. ಮೇಜರ್ ಆತ್ಮಾ ಸಿಂಗ್ ಹೆಸರು, ಕೃಷಕ್ ಹೆಸರು, ಬೆಂಗಳೂರಿನ ಹೆಸರು ಮೂರೂ ಹೇಳಿದೆ. ವಿಡಿಯೋ ಎಲ್ಲೂ ಸಿಗಲಿಲ್ಲ, ನಮ್ಮ ಗ್ರಾಫಿಕ್ಸ್ ಹುಡುಗರು ಒಂದು ಫೋಟೋ ಹುಡುಕಿ ಕೊಟ್ಟರು, ನಾನು ನೋಡಿ ಸರಿ ಅಂದೆ, ಎಂಟು ಸೆಕೆಂಡ್ ಪರದೆಯ ಮೇಲೆ ನಿಂತಿತು. ಬುಲೆಟಿನ್ ಮುಗಿದು ಹತ್ತು ನಿಮಿಷ ಆಗಿರಲಿಲ್ಲ, ಬೈಂದೂರಿನಿಂದ ಫೋನ್.

"ಕಂಡೆ. ಹೆಸರೆಲ್ಲ ಸಮಾ ಹೇಳ್ದ್ರಿ. ಆದ್ರೆ ಹ್ವಾಯ್, ನೀವ್ ತೋರ್ಸದ್ದ್ ಕೃಷಕ್ ಅಲ್ದೇ, ಅದ್ ಪುಷ್ಪಕ್."